‘ಲಾರ್ಡ್ ಆಫ್ ದಿ ಫ್ಲೈಸ್’: ನಾಗರಿಕತೆ ಕಳಚಿದರೆ ಉಳಿಯುವುದು ಕ್ರೌರ್ಯವೇ?

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ)

ಎಲ್ಲರಿಗೂ ನಮಸ್ಕಾರ. ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದಿ ಫ್ಲೈಸ್’ (1954) ಕಾದಂಬರಿಯನ್ನು ಕುರಿತು ತರಗತಿಯಲ್ಲಿ ಪ್ರಬಂಧ ಮಂಡಿಸಬೇಕಾಗಿದೆ. ಅಣುಯುದ್ಧದ ಕಾಲದಲ್ಲಿ ಇಂಗ್ಲಿಷ್ ಶಾಲಾ ಹುಡುಗರನ್ನು ಒಯ್ಯುತ್ತಿದ್ದ ವಿಮಾನ ನಿರ್ಜನ ದ್ವೀಪವೊಂದರಲ್ಲಿ ಬೀಳುತ್ತದೆ. ಹಿರಿಯರು ಯಾರೂ ಬದುಕಿ ಉಳಿಯುವುದಿಲ್ಲ. ಶಂಖ ಊದಿದರೆ ಸಭೆ, ಶಂಖ ಹಿಡಿದವನಿಗೆ ಮಾತ್ರ ಮಾತು ಎಂಬ ನಿಯಮದಿಂದ ಶುರುವಾದ ಅವರ ಬಾಳು ಸೈಮನ್, ಪಿಗ್ಗಿ ಎಂಬ ಇಬ್ಬರು ಹುಡುಗರ ಕೊಲೆಯನ್ನೂ, ಮೊದಲು ತಾವೇ ನಾಯಕನಾಗಿ ಆರಿಸಿದ್ದ ರಾಲ್ಫ್‌ನ ಬೇಟೆಯನ್ನೂ ಕಂಡು ಮುಗಿಯುತ್ತದೆ.

ನನಗೆ ಸಿಕ್ಕ ಮಾರ್ಗದರ್ಶಿ ಪುಸ್ತಕಗಳೆಲ್ಲ ಒಂದೇ ಮಾತು ಹೇಳುತ್ತವೆ: ನಾಗರಿಕತೆ ಎಂಬುದು ತೆಳುವಾದ ಹೊದಿಕೆ, ಅದನ್ನು ಸರಿಸಿದರೆ ಮನುಷ್ಯನೊಳಗಿನ ಮೃಗ ಹೊರಬರುತ್ತದೆ. ಇದನ್ನೇ ಬರೆದು ಮುಗಿಸಬಹುದಾದರೂ ಮನಸ್ಸು ಒಪ್ಪುತ್ತಿಲ್ಲ. ಮೊದಲ ದಿನ ಬಳ್ಳಿಗಳಲ್ಲಿ ಸಿಕ್ಕಿಕೊಂಡ ಹಂದಿಮರಿಯ ಮೇಲೆ ಚಾಕು ಎತ್ತಿದ ಜ್ಯಾಕ್, ಮುಂದೆ ಬೇಟೆಗಾರರ ಒಡೆಯನಾಗುವ ಹುಡುಗ, ಇರಿಯಲಾರದೆ ನಿಂತುಬಿಡುತ್ತಾನೆ. ಮೃಗ ಒಳಗೇ ಹೊಂಚು ಹಾಕಿತ್ತೆಂದರೆ ಆ ಕೈ ಏಕೆ ತಡೆಯಿತು? ಅಲ್ಲದೆ, ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಟೋಂಗಾದ ಆರು ಹುಡುಗರು ಇಂಥದ್ದೇ ದ್ವೀಪದಲ್ಲಿ ವರ್ಷಕ್ಕೂ ಹೆಚ್ಚು ಕಾಲ ಅನ್ಯೋನ್ಯವಾಗಿ ಬದುಕಿದ್ದರೆಂದು ಓದಿದೆ. ಅದು ನಿಜವಾದರೆ ಕಾದಂಬರಿ ಹೇಳುವುದು ಸುಳ್ಳಾಗುವುದಿಲ್ಲವೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಮೈಸೂರು)

ತಂಗಿ, ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಹುಟ್ಟಿದೆ. ಈ ಕಾದಂಬರಿಯನ್ನು ಹಲವು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ, ಹೊದಿಕೆಯ ಹೋಲಿಕೆ ಪರೀಕ್ಷೆಗೆ ಅನುಕೂಲವೇ ಹೊರತು ಕೃತಿಗೆ ನ್ಯಾಯ ಮಾಡುವುದಿಲ್ಲ.

ನಾಲ್ಕನೆಯ ಅಧ್ಯಾಯದಲ್ಲಿ ರೋಜರ್ ಎಂಬ ಹುಡುಗ, ನೀರಿನಂಚಿನಲ್ಲಿ ತನ್ನಷ್ಟಕ್ಕೆ ಆಡಿಕೊಂಡಿದ್ದ ಪುಟ್ಟ ಹೆನ್ರಿಯತ್ತ ಕಲ್ಲೆಸೆಯುವ ದೃಶ್ಯವನ್ನು ಮತ್ತೊಮ್ಮೆ ನಿಧಾನವಾಗಿ ಓದಿರಿ. ಅವನು ಬೇಕೆಂದೇ ಗುರಿ ತಪ್ಪಿಸುತ್ತಾನೆ. ಹೆನ್ರಿಯ ಸುತ್ತ ಸುಮಾರು ಆರು ಗಜ ಅಗಲದ ಒಂದು ವೃತ್ತವಿದ್ದು, ಅದರೊಳಗೆ ಕಲ್ಲು ಬೀಳಿಸುವ ಧೈರ್ಯ ಅವನಿಗಿಲ್ಲ. ಆ ವೃತ್ತವನ್ನು ಕಾಯುತ್ತಿರುವುದು ತಂದೆತಾಯಿ, ಶಾಲೆ, ಪೊಲೀಸ್, ಕಾನೂನು ಎಂದು ಗೋಲ್ಡಿಂಗ್ ಹೇಳುತ್ತಾರೆ. ಈ ಪಟ್ಟಿಯಲ್ಲಿ ಹೆನ್ರಿ ಇಲ್ಲ ಎಂಬುದನ್ನು ಗಮನಿಸಿ. ಪಾಪ, ಮಗುವಿಗೆ ನೋಯುತ್ತದೆ ಎಂಬ ಕನಿಕರವು ರೋಜರನ ಕೈಯನ್ನು ತಡೆದಿಲ್ಲ. ತಡೆದದ್ದು ಶಿಕ್ಷೆಯ ನೆನಪು. ನಾಗರಿಕತೆ ಅವನ ತೋಳಿನವರೆಗೆ ಬಂದಿತ್ತು, ಎದೆಯವರೆಗೆ ಬಂದಿರಲಿಲ್ಲ. ಮುಂದೆ ಇದೇ ರೋಜರ್ ಮೇಲಿನಿಂದ ಹೆಬ್ಬಂಡೆಯನ್ನು ಉರುಳಿಸಿ ಪಿಗ್ಗಿಯನ್ನು ಕೊಲ್ಲುತ್ತಾನೆ, ಆ ಹೊಡೆತಕ್ಕೆ ಶಂಖವೂ ಪುಡಿಯಾಗುತ್ತದೆ.

ಎರಡನೆಯದಾಗಿ, ಬೇಟೆಗಾರರಾಗುವವರು ಯಾರು? ಚರ್ಚಿನ ಗಾಯಕ ಮೇಳದ ಹುಡುಗರು. ಸುಡುವ ಬಿಸಿಲಿನಲ್ಲಿ ಕಪ್ಪು ನಿಲುವಂಗಿ ತೊಟ್ಟು, ಎರಡು ಸಾಲಾಗಿ ಹೆಜ್ಜೆ ಹಾಕುತ್ತ ಬಂದವರು ಅವರು; ನಾಯಕ ಜ್ಯಾಕ್ ಬಿಡುವ ತನಕ ಸಾಲು ಒಡೆಯುವಂತಿಲ್ಲ, ಅವರಲ್ಲೊಬ್ಬನಾದ ಸೈಮನ್ ಮೂರ್ಛೆ ಹೋಗಿ ಬೀಳುತ್ತಾನೆ. ಆ ದ್ವೀಪದಲ್ಲಿ ಎಲ್ಲರಿಗಿಂತ ಹೆಚ್ಚು ಶಿಸ್ತು ಕಲಿತಿದ್ದ ಗುಂಪೇ ಎಲ್ಲರಿಗಿಂತ ಹೆಚ್ಚು ಕ್ರೂರವಾಗುತ್ತದೆ. ಜ್ಯಾಕ್ ಕಟ್ಟುವ ಕೋಟೆಯಲ್ಲಿ ಅರಾಜಕತೆ ಎಲ್ಲಿದೆ? ಅಲ್ಲಿ ಒಡೆಯನಿದ್ದಾನೆ, ಕಾವಲಿದೆ, ಅಪ್ಪಣೆಯಿದೆ, ಕಾರಣ ಕೇಳದೆ ವಿಲ್ಫ್ರೆಡ್‌ನನ್ನು ಕಟ್ಟಿಹಾಕಿ ಹೊಡೆಯುವ ದಂಡನೆಯಿದೆ. ಇದನ್ನು ಕಾಡಿನ ಬದುಕು ಎನ್ನಲು ನನ್ನಿಂದಾಗದು, ಇದು ನಾವು ಬಲ್ಲ ರಾಜ್ಯವ್ಯವಸ್ಥೆಯ ಒಂದು ರೂಪವೇ. ಗೋಲ್ಡಿಂಗ್ ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿದ್ದವರು, 1944ರ ನಾರ್ಮಂಡಿ ದಾಳಿಯಲ್ಲಿ ಭಾಗವಹಿಸಿದವರು, ಸಾಲಿಸ್‌ಬರಿಯ ಶಾಲೆಯೊಂದರಲ್ಲಿ ಇಂಥದ್ದೇ ಹುಡುಗರಿಗೆ ಪಾಠ ಹೇಳಿದವರು. ಸಮವಸ್ತ್ರ ತೊಟ್ಟವರು ಏನು ಮಾಡಬಲ್ಲರೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಕೊನೆಗೆ ಹುಡುಗರನ್ನು ಪಾರುಮಾಡಲು ಬರುವ ಅಧಿಕಾರಿಯ ಸೊಂಟದಲ್ಲೂ ರಿವಾಲ್ವರ್ ಇದೆ, ಅವನ ಹಿಂದೆ ಯುದ್ಧನೌಕೆ ಇದೆ.

ಇನ್ನು ನಿಮ್ಮ ಹಂದಿಮರಿಯ ಪ್ರಶ್ನೆ. ಜ್ಯಾಕ್‌ನ ಕೈ ತಡೆದದ್ದು ನಿಜ. ಜೀವವಿರುವ ಮೈಗೆ ಚಾಕು ಇಳಿಸುವುದು ಅವನಿಗೆ ಅಸಾಧ್ಯವೆನಿಸಿತು. ಆದರೆ ಮರುಕ್ಷಣವೇ ಇನ್ನಿಬ್ಬರ ಎದುರು ಅವನ ಮುಖ ಕೆಂಪೇರುತ್ತದೆ, ಚಾಕುವನ್ನು ಮರದ ಕಾಂಡಕ್ಕೆ ಚುಚ್ಚಿ, ಮುಂದಿನ ಸಲ ಬಿಡುವುದಿಲ್ಲವೆಂಬಂತೆ ದುರುಗುಟ್ಟಿ ನೋಡುತ್ತಾನೆ. ಅವನಲ್ಲಿದ್ದ ಕರುಣೆಯನ್ನು ಅವನೇ ಅವಮಾನವೆಂದು ತಿಳಿದ. ಕರುಣೆ ಎಂದರೆ ನಾಚಿಕೆಗೇಡು ಎಂಬ ಪಾಠವನ್ನು ಅವನು ದ್ವೀಪದಲ್ಲಿ ಕಲಿತದ್ದಲ್ಲ, ಮನೆಯಿಂದ ತಂದದ್ದು.

ಉತ್ತರ 2 (ಇತಿಹಾಸದ ಓದುಗ, ಬೆಂಗಳೂರು)

ಟೋಂಗಾದ ಘಟನೆ ನಿಜ. 1965ರಲ್ಲಿ ರಾಜಧಾನಿ ನುಕುಅಲೋಫಾದ ವಸತಿಶಾಲೆಯ ಬೇಸರ ತಾಳದೆ ಆರು ಹುಡುಗರು ಮೀನುಗಾರನೊಬ್ಬನ ದೋಣಿಯನ್ನು ಕದ್ದು ಹೊರಟರು. ಬಿರುಗಾಳಿಗೆ ಸಿಕ್ಕಿ, ದಿಕ್ಕು ತಪ್ಪಿ, ಅಟಾ ಎಂಬ ದ್ವೀಪವನ್ನು ಸೇರಿದರು. 1966ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ನಾವಿಕ ಪೀಟರ್ ವಾರ್ನರ್ ಅವರನ್ನು ಕಂಡುಹಿಡಿಯುವವರೆಗೆ ಸುಮಾರು ಹದಿನೈದು ತಿಂಗಳು ಅಲ್ಲೇ ಇದ್ದರು. ಬೆಂಕಿ ಆರದಂತೆ ಕಾದರು, ಪಾಳಿ ಹಾಕಿಕೊಂಡು ದುಡಿದರು, ಜಗಳವಾದಾಗ ದೂರ ಹೋಗಿ ಕೋಪ ಇಳಿದ ಮೇಲೆ ಬರುವುದೆಂದು ಗೊತ್ತುಮಾಡಿಕೊಂಡರು. ಒಬ್ಬನ ಕಾಲು ಮುರಿದಾಗ ಉಳಿದವರು ಕಡ್ಡಿ ಕಟ್ಟಿ ಕೂಡಿಸಿ, ಅವನ ಪಾಲಿನ ಕೆಲಸವನ್ನೂ ತಾವೇ ಮಾಡಿದರು.

ಆದರೆ ಇದನ್ನು ಕಾದಂಬರಿಗೆ ಕೊಟ್ಟ ಉತ್ತರವೆಂದು ಎತ್ತಿ ಹಿಡಿಯುವುದಕ್ಕೆ ನಾನು ಹಿಂಜರಿಯುತ್ತೇನೆ. ಅವರು ಮೊದಲೇ ಗೆಳೆಯರು, ಜೊತೆಗೂಡಿ ಓಡಿಬಂದವರು, ಯಾರೋ ಬೀಳಿಸಿಹೋದ ಅಪರಿಚಿತರಲ್ಲ. ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಆ ಹುಡುಗರಿಗೆ ಮೇಲಿನ ಹಳೆಯ ಜ್ವಾಲಾಮುಖಿಯ ಬಾಯಲ್ಲಿ ಕೆಸುವಿನ ಗೆಡ್ಡೆ, ಬಾಳೆ, ಕಾಡು ಬಿದ್ದ ಕೋಳಿಗಳು ಸಿಕ್ಕಿದವು. ಅವು ಅಲ್ಲಿ ಹೇಗೆ ಬಂದವು? ಅಟಾದಲ್ಲಿ ಮೊದಲು ಜನವಸತಿ ಇತ್ತು. 1863ರಲ್ಲಿ ಗುಲಾಮರ ವ್ಯಾಪಾರದ ಹಡಗೊಂದು ಬಂದು, ನೂರಕ್ಕೂ ಹೆಚ್ಚು ಜನರನ್ನು ಮೋಸದಿಂದ ಹತ್ತಿಸಿಕೊಂಡು ಹೋಯಿತು. ಉಳಿದವರನ್ನು ಟೋಂಗಾದ ಅರಸ ಬೇರೆ ದ್ವೀಪಕ್ಕೆ ಸ್ಥಳಾಂತರಿಸಿದ. ಆ ಜನ ಬಿಟ್ಟುಹೋದ ಕೋಳಿಗಳ ಸಂತತಿಯೇ ನೂರು ವರ್ಷಗಳ ನಂತರ ಈ ಆರು ಮಕ್ಕಳ ಜೀವ ಉಳಿಸಿತು. ನಿಮ್ಮ ಪ್ರಬಂಧದಲ್ಲಿ ನಾಗರಿಕತೆ ಎಂಬ ಪದ ಬರುವ ಕಡೆ ಈ ಹಡಗನ್ನೂ ದಯವಿಟ್ಟು ನೆನೆಯಿರಿ.

ಉತ್ತರ 3 (ಅನುವಾದಕಿ, ಶಿವಮೊಗ್ಗ)

ನನ್ನದು ಪದದ ವಿಷಯ, ಚಿಕ್ಕದು. ಬೇಟೆಗಾಗಿ ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗರಿಗೆ ಇಂಗ್ಲಿಷಿನಲ್ಲಿ ಬಳಕೆಯಾಗುವ ‘ಸ್ಯಾವೇಜ್’ ಎಂಬುದನ್ನು ಕನ್ನಡದಲ್ಲಿ ‘ಕಾಡುಜನ’ ಎಂದು ಬರೆಯಬೇಡಿ. ನಮ್ಮಲ್ಲಿ ಕಾಡಿನ ಜನ ಎಂದರೆ ಸೋಲಿಗರು, ಜೇನುಕುರುಬರು. ಈ ಕಥೆಯ ಕ್ರೌರ್ಯಕ್ಕೂ ಅವರಿಗೂ ಯಾವ ಸಂಬಂಧವೂ ಇಲ್ಲ. ಈ ಪದದ ಹಿಂದೆ ಹಳೆಯ ಇಂಗ್ಲಿಷ್ ದ್ವೀಪಕಥೆಗಳ ಪರಂಪರೆಯೇ ಇದೆ. 19ನೇ ಶತಮಾನದ ‘ಕೋರಲ್ ಐಲೆಂಡ್’ ಕಾದಂಬರಿಯಲ್ಲಿ ಕ್ರೌರ್ಯ ದ್ವೀಪವಾಸಿಗಳದ್ದು, ಕಡಲ್ಗಳ್ಳರದ್ದು; ಒಳ್ಳೆಯತನ ಇಂಗ್ಲಿಷ್ ಹುಡುಗರದ್ದು. ರಾಲ್ಫ್, ಜ್ಯಾಕ್ ಎಂಬ ಹೆಸರುಗಳನ್ನು ಗೋಲ್ಡಿಂಗ್ ಅದರಿಂದಲೇ ತೆಗೆದುಕೊಂಡು ಆ ಹೆಮ್ಮೆಯನ್ನು ತಲೆಕೆಳಗು ಮಾಡಿದರು. ಹಾಗಿದ್ದರೂ ಪದವನ್ನು ಮಾತ್ರ ಹಾಗೆಯೇ ಉಳಿಸಿಕೊಂಡರಲ್ಲ ಎಂಬ ಬೇಸರ ನನಗಿದೆ. ನೀವು ‘ಕ್ರೌರ್ಯ’ ಎಂದೇ ಬರೆಯಿರಿ, ಸಾಕು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಸೈಮನ್ನನ ಸಾವಿನ ಮರುದಿನದ ಪುಟಗಳನ್ನು ಮತ್ತೆ ಓದಿದೆ. ಸೈಮನ್ನನನ್ನು ಮೃಗವೆಂದು ಭ್ರಮಿಸಿ ಹುಡುಗರು ಕುಣಿಯುತ್ತಲೇ ಹೊಡೆದು ಕೊಂದಾಗ ಆ ಗುಂಪಿನಲ್ಲಿ ರಾಲ್ಫ್, ಪಿಗ್ಗಿ ಇಬ್ಬರೂ ಇದ್ದರು. ಪಿಗ್ಗಿ ಅದನ್ನು ಆಕಸ್ಮಿಕ ಎನ್ನುತ್ತಾನೆ. ಅವಳಿ ಹುಡುಗರು ತಾವು ಬೇಗನೆ ಹೊರಟುಬಂದೆವೆನ್ನುತ್ತಾರೆ. ಅದು ಕೊಲೆ ಎಂದು ಬಾಯಿಬಿಟ್ಟು ಹೇಳುವವನು ರಾಲ್ಫ್ ಒಬ್ಬನೇ. ಜ್ಯಾಕ್‌ನ ಕಡೆಯವರಿಗಿಂತ ಈ ನಾಲ್ವರು ಒಳ್ಳೆಯವರ ಬಗ್ಗೆ ಬರೆಯುವುದೇ ನನಗೀಗ ಹೆಚ್ಚು ಅಗತ್ಯವೆನಿಸುತ್ತಿದೆ. ಬೇರೆ ಯಾವುದಾದರೂ ದೃಶ್ಯವನ್ನು ನಾನು ಕಡೆಗಣಿಸಿದ್ದೇನೆಯೇ?

ಉತ್ತರ 1ರ ಅಧ್ಯಾಪಕರಿಂದ

ಪರ್ಸಿವಲ್‌ನನ್ನು ನೋಡಿ. ಐದನೆಯ ಅಧ್ಯಾಯದಲ್ಲಿ ಹೆಸರು ಕೇಳಿದೊಡನೆ ಆ ಪುಟ್ಟ ಹುಡುಗ ಮನೆಯಲ್ಲಿ ಬಾಯಿಪಾಠ ಮಾಡಿಸಿದ ಹಾಗೆ ಪೂರ್ಣ ಹೆಸರು, ಮನೆ, ಊರು, ಜಿಲ್ಲೆ, ಟೆಲಿಫೋನ್ ಎಂದು ಒಂದೇ ಉಸಿರಿಗೆ ಹೇಳತೊಡಗಿ, ನಡುವೆಯೇ ಅಳುತ್ತಾನೆ. ಕೊನೆಯ ಪುಟದಲ್ಲಿ ಬಿಳಿ ಸಮವಸ್ತ್ರದ ಅಧಿಕಾರಿಯ ಮುಂದೆ ಬಂದು ನಿಂತು, ನಾನು, ನಾನು ಎನ್ನುತ್ತಾನೆ. ಮುಂದಿನ ಮಾತು ಅವನಿಗೆ ನೆನಪಾಗುವುದಿಲ್ಲ.