ಅಪ್‌ಡೇಟ್: ಕೋಲಾರದಿಂದ ಜರ್ಮನಿಗೆ ದುಡ್ಡು ತಲುಪಿತು

ಜರ್ಮನಿಯಲ್ಲಿ ಓದ್ತಿರೋ ತಮ್ಮನಿಗೆ ಕಡಿಮೆ ಖರ್ಚಲ್ಲಿ ದುಡ್ಡು ಕಳಿಸೋದು ಹೇಗೆ ಅಂತ ಕೇಳಿದ್ದೆ. ಕಳಿಸಿದ್ದಾಯ್ತು. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.

"ಶುಲ್ಕ ಬಿಡಿ, ರೇಟ್ ನೋಡಿ" ಅಂದವರ ಮಾತು ನೂರಕ್ಕೆ ನೂರು ನಿಜ. ಒಂದು ಕಡೆ ಶುಲ್ಕ ಸೊನ್ನೆ, ಆದರೆ ಯೂರೋಗೆ ಮಾರುಕಟ್ಟೆ ದರಕ್ಕಿಂತ ಎರಡೂವರೆ ರೂಪಾಯಿ ಜಾಸ್ತಿ. ಸಾವಿರ ಯೂರೋಗೆ ಅಲ್ಲೇ 2,500 ಹೋಯ್ತು! ಇನ್ನೊಂದು ಕಡೆ ಶುಲ್ಕ ಸಾವಿರ, ರೇಟಲ್ಲಿ ಬರೀ 60 ಪೈಸೆ ವ್ಯತ್ಯಾಸ. ಅಲ್ಲೇ ಕಳಿಸಿದೆ. ಅಪ್ಪ ಎಪಿಎಂಸಿಗೆ ಟೊಮೆಟೊ ಹಾಕಿ ತಂದ ದುಡ್ಡು, ಒಂದೊಂದು ರೂಪಾಯಿಗೂ ಲೆಕ್ಕ ಇದೆ.

ಪ್ಯಾನ್ ಕಾರ್ಡ್, ಎ2 ಫಾರ್ಮ್ (ವಿದೇಶಕ್ಕೆ ದುಡ್ಡು ಕಳಿಸೋಕೆ ಕೊಡೋ ಅರ್ಜಿ) ಬೇಕೇ ಬೇಕು. ಎ2ನಲ್ಲಿ ಉದ್ದೇಶ ಸರಿಯಾಗಿ ಬರೀರಿ. ಕರೆನ್ಸಿ ಬದಲಾವಣೆಗೆ ಸ್ವಲ್ಪ ಜಿಎಸ್‌ಟಿ ಬೀಳುತ್ತೆ, ಲಕ್ಷದವರೆಗೆ ಹೆಚ್ಚೆಂದರೆ 180 ರೂಪಾಯಿ. ಟಿಸಿಎಸ್ (ವಿದೇಶಕ್ಕೆ ಕಳಿಸುವಾಗಲೇ ಮುಂಗಡವಾಗಿ ಹಿಡಿಯೋ ತೆರಿಗೆ) ಭಯ ನಮಗಿಲ್ಲ: 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಹಿಡಿಯೋದಿಲ್ಲ.

ಬ್ಯಾಂಕಿಂದ ಸ್ವಿಫ್ಟ್‌ನಲ್ಲಿ (ದೇಶ ದೇಶಗಳ ಬ್ಯಾಂಕ್‌ಗಳನ್ನು ಜೋಡಿಸೋ ಜಾಲ) ಕಳಿಸೋರು ಫಾರ್ಮಲ್ಲಿ 'ಅವರ್' (OUR, ಅಂದ್ರೆ ಶುಲ್ಕವೆಲ್ಲ ಕಳಿಸೋರದ್ದೇ) ಆಯ್ಕೆ ಗುರುತು ಮಾಡಿ. ಇಲ್ಲಾಂದ್ರೆ ಮಧ್ಯದ ಬ್ಯಾಂಕ್ ಕತ್ತರಿಸಿಕೊಂಡು, ಬಾಡಿಗೆಗೆ ಅಂತ ಕಳಿಸಿದ್ದು ಬಾಡಿಗೆಗೇ ಸಾಲದೆ ಹೋಗಬಹುದು.