ತ್ರಿಯೇಕ ದೇವರು ಅಂದ್ರ ಮೂರು ದೇವರಾ? ಸಂಡೇ ಸ್ಕೂಲ್ ಹುಡುಗ್ರಿಗೆ ಹೆಂಗ ಹೇಳೂದು?

ಬೆಟಗೇರಿ ಟೀಚರ್:
ನಮಸ್ಕಾರ್ರೀ ಎಲ್ಲಾರಿಗೂ. ಗದಗ-ಬೆಟಗೇರಿ ಕಡೆ ಸಂಡೇ ಸ್ಕೂಲ್ ತಗೋತೇನಿ. ಮೊನ್ನೆ ತ್ರಿಯೇಕ ದೇವರ ಪಾಠ ಇತ್ತು, ಅಂದ್ರ ತಂದಿ, ಮಗ ಯೇಸು, ಪವಿತ್ರಾತ್ಮ ಮೂವರೂ ಒಬ್ಬನ ದೇವರು ಅನ್ನೂದು, ಎಲ್ಲಾರೂ ಹೇಳ್ತಾರಲ್ರಿ ನೀರು, ಐಸು, ಉಗಿ ಮೂರೂ ಒಂದ ಅಂತ, ಅದ ಉದಾಹರಣಿ ಕೊಟ್ಟೆ, ಆರನೇ ಕ್ಲಾಸಿನ ಹುಡುಗಿ ಒಬ್ಬಾಕಿ ಎದ್ದು ನಿಂತು "ಹಂಗಾದ್ರ ಗೆತ್ಸೆಮನೆ ತೋಟದಾಗ ಯೇಸು ಪ್ರಾರ್ಥನಾ ಮಾಡಿದ್ದು ಯಾರಿಗ್ರಿ ಮಿಸ್, ತನಗ ತಾನ ಏನು" ಅಂದ್ಬಿಟ್ಲು. ಮುಂದಿನ ರವಿವಾರ ಉತ್ತರಾ ಕೊಡಬೇಕು. ಏನ್ ಹೇಳ್ಲಿ?

ಧಾರವಾಡ್ ಮಂದಿ:
ಭಾರೀ ಶಾಣೇ ಹುಡುಗಿ ಐತಿ ಬಿಡ್ರಿ 😄 ನೀರು ಐಸ್ ಆದಾಗ ಉಗಿ ಇರೂದಿಲ್ಲ, ಅಂದ್ರ ಒಬ್ಬಾಂವನ ಮೂರು ವೇಷ ಹಾಕ್ಯಾನ ಅಂದಂಗಾತು. ಮೂರನೇ ಶತಮಾನದಾಗ ಸಬೆಲ್ಲಿಯಸ್ ಅನ್ನಾಂವ ಹಿಂಗ ಕಲಿಸ್ತಿದ್ದ, ಸಭೆ (ಚರ್ಚ್) ಒಪ್ಪಲಿಲ್ಲ. ಬೈಬಲ್‌ದಾಗ ಮತ್ತಾಯ 3 ತಗೀರಿ, ಮಗ ಯೊರ್ದನ್ ಹೊಳಿಯಿಂದ ಮ್ಯಾಲೆ ಬರ್ತಾನ, ಆತ್ಮ ಪಾರಿವಾಳದಂಗ ಇಳೀತಾನ, ತಂದಿ ಧ್ವನಿ ಆಕಾಶದಿಂದ ಕೇಳ್ತದ, ಮೂರೂ ಒಂದ ಹೊತ್ತಿನ್ಯಾಗ. ಆಮ್ಯಾಲ ಅರಿಯಸ್ ಅನ್ನಾಂವ ಬಂದು ಮಗನೂ ಸೃಷ್ಟಿ ಆದಾಂವನ ಅಂದ, ಅದನ್ನ 325ರಾಗ ನಿಕೇಯ ಊರಾಗ ಸಭೆಯ ಹಿರಿಯರು ಕೂಡಿ ತಳ್ಳಿಹಾಕಿದ್ರು, ಪವಿತ್ರಾತ್ಮನ ಮಾತು 381ರಾಗ ಕಾನ್‌ಸ್ಟಾಂಟಿನೋಪಲ್‌ದಾಗ ಇನ್ನೂ ಬಿಡಿಸಿ ಬರದ್ರು.

ಹಾವೇರಿ ಹುಡ್ಗ:
ನಾ ಕ್ರಿಶ್ಚಿಯನ್ ಅಲ್ಲ, ಸುಮ್ನ ಕೇಳ್ತೇನಿ. ನಮ್ಮ ಬ್ರಹ್ಮ ವಿಷ್ಣು ಮಹೇಶ್ವರ ಇದ್ದಂಗ ಅಲ್ಲನ್ರಿ?

ಧಾರವಾಡ್ ಮಂದಿ:
ಇಲ್ರಿ ತಮ್ಮಾ, ಇಲ್ಲೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಅಂತ ಹಂಚಿಲ್ಲ. ಸೃಷ್ಟಿ ತಗೊಂಡ್ರೂ ಆದಿಕಾಂಡದ ಸುರುವಿಗೇ ದೇವರ ಆತ್ಮ ಐತಿ, ಯೋಹಾನ 1ರಾಗ ಎಲ್ಲಾ ವಾಕ್ಯದ ಮೂಲಕನ ಆತು ಅಂತ ಐತಿ, ವಾಕ್ಯ ಅಂದ್ರ ಅಲ್ಲೆ ಮಗ. ಮೂವರೂ ಕೂಡೇ ಇರ್ತಾರ.

ಹುಬ್ಬಳ್ಳಿ ಅಕ್ಕ:
ಟೀಚರ್ರ, ಉದಾಹರಣಿ ಬಿಟ್ಟು ನಾವು ದಿನಾ ಪ್ರಾರ್ಥನಾ ಹೆಂಗ ಮಾಡ್ತೇವಿ ಅನ್ನೂದ ತೋರಸ್ರಿ. ತಂದಿ ಅಂತ ಕರೀತೇವಿ, ಕಡೀಕ ಯೇಸುವಿನ ಹೆಸರಿನ್ಯಾಗ ಆಮೆನ್ ಅಂತೇವಿ, ಮನ್ಯಾಗ ಜಡ್ಡು ಜಾಪತ್ರಿ ಇದ್ದು ಏನ್ ಬೇಡ್ಕೋಬೇಕು ಅಂತನೂ ತಿಳೀದ ಕುಂತಾಗ ಆತ್ಮನ ನಮ್ಮ ಪರವಾಗಿ ಬೇಡ್ಕೋತಾನ, ರೋಮಾಪುರ 8:26. ನಮ್ಮತ್ತಿಯವ್ರು ಸಾಲಿ ಕಲ್ತಾವ್ರಲ್ಲ, ನಿಕೇಯದ ಹೆಸರ ಕೇಳಿಲ್ಲ, ಆದ್ರ ದಿನಾ ಹಿಂಗ ಪ್ರಾರ್ಥನಾ ಮಾಡ್ತಾರ. ಆ ಹುಡುಗಿಗೆ ಸೀದಾ ಹೇಳ್ರಿ, ಯೇಸು ಮಾತಾಡಿದ್ದು ತಂದಿ ಕೂಡ. ಯೋಹಾನ 17:24 ಓದಸ್ರಿ, ಜಗತ್ತು ಹುಟ್ಟೂಕಿಂತ ಮೊದ್ಲ ತಂದಿ ತನ್ನನ್ನ ಪ್ರೀತಿ ಮಾಡಿದ್ದ ಅಂತಾನ. ಒಬ್ಬಾಂವನ ವೇಷ ಹಾಕಿದ್ರ ಆವಾಗ ಯಾರು ಯಾರನ್ನ ಪ್ರೀತಿ ಮಾಡ್ಬೇಕ್ರಿ?

ಬೆಟಗೇರಿ ಟೀಚರ್:
ಅಕ್ಕಾರ, ಥ್ಯಾಂಕ್ಸ್‌ರೀ. ಯೋಹಾನ 17 ದೊಡ್ಡ ಹುಡುಗ್ರಿಗೆ ಓದಸ್ತೇನಿ. ಸಣ್ಣವ್ರಿಗೆ ಹೆವಿ ಆಗ್ತೈತಿ, ಅವ್ರಿಗೆ ಯೊರ್ದನ್ ಹೊಳಿ ಕತಿ ಸಾಕು.