ಸಹಾಯ ಬೇಕು: ಮಂಡಿನೋವಿರುವ ತಾಯಿ ಮತ್ತು ಮಕ್ಕಳೊಂದಿಗೆ ದುಬೈ ಪ್ರವಾಸ

ದುಬೈಯಲ್ಲಿ ನೆಲೆಸಿರುವ ಹಾಗೂ ಅಲ್ಲಿಗೆ ಹೋಗಿಬಂದಿರುವ ಕನ್ನಡ ಬಂಧುಗಳಿಗೆಲ್ಲ ನಮಸ್ಕಾರಗಳು. ಅಕ್ಟೋಬರ್‌ನ ದಸರಾ ರಜೆಯಲ್ಲಿ ನಾನು, ನನ್ನ ಪತ್ನಿ, 9 ಮತ್ತು 4 ವರ್ಷದ ಇಬ್ಬರು ಮಕ್ಕಳು ಹಾಗೂ 72 ವರ್ಷದ ನಮ್ಮ ತಾಯಿಯವರು ದಾವಣಗೆರೆಯಿಂದ ಹೊರಟು ಐದು ದಿನ ಅಲ್ಲಿರಲಿದ್ದೇವೆ. ಆಗಲೂ ಮಧ್ಯಾಹ್ನದ ತಾಪಮಾನ 35 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, ಹಗಲನ್ನು ಹವಾನಿಯಂತ್ರಿತ ಸ್ಥಳಗಳಲ್ಲಿ ಕಳೆದು ಸಂಜೆ ಹೊರಗೆ ಸುತ್ತಾಡುವ ಯೋಚನೆಯಿದೆ.

828 ಮೀಟರ್ ಎತ್ತರದ ಬುರ್ಜ್ ಖಲೀಫಾದ 124ನೇ ಮಹಡಿಗೆ ಸೂರ್ಯಾಸ್ತದ ಹೊತ್ತಿನ ಟಿಕೆಟ್ ಹೆಚ್ಚು ದುಬಾರಿ. ಮಕ್ಕಳಿಗಾಗಿ ಆ ಹಣ ಕೊಡಲು ನಾವು ಸಿದ್ಧರಿದ್ದರೂ, ಸರತಿ ಸಾಲಿನಲ್ಲಿ ತಾಯಿಯವರು ಎಷ್ಟು ಹೊತ್ತು ನಿಲ್ಲಬೇಕಾದೀತು ಎಂಬುದೇ ನನ್ನ ಚಿಂತೆ. ಬುರ್ಜ್ ಖಲೀಫಾ ವೀಕ್ಷಣೆಗೆ ಪ್ರವೇಶವಿರುವ ದುಬೈ ಮಾಲ್‌ಗೆ ಮೆಟ್ರೋ ನಿಲ್ದಾಣದಿಂದ ನಡೆದುಹೋಗುವ ಮೇಲುಸೇತುವೆ ಉದ್ದವಾಗಿರುವುದರಿಂದ ನೇರವಾಗಿ ಟ್ಯಾಕ್ಸಿಯಲ್ಲಿ ಹೋಗುವುದು ಲೇಸೇ? ಮಾಲ್‌ನೊಳಗೆ ಗಾಲಿಕುರ್ಚಿ ಪಡೆಯುವುದು ಹೇಗೆ?

ತಾಯಿಯವರಿಗೆ ಗಗನಚುಂಬಿ ಕಟ್ಟಡಗಳಿಗಿಂತ ಹಳೆಯ ದುಬೈ ನೋಡುವ ಆಸೆಯೇ ಹೆಚ್ಚು. ಬರ್ ದುಬೈಯಿಂದ ಅಬ್ರಾ ದೋಣಿಯಲ್ಲಿ ಕ್ರೀಕ್ (ಊರೊಳಗೆ ಚಾಚಿರುವ ಕಡಲಿನ ಕವಲು) ದಾಟಿ ಆಚೆ ದಡದ ದೇರಾದ ಮಸಾಲೆ ಮಾರುಕಟ್ಟೆಗೆ ಅವರನ್ನು ಕರೆದೊಯ್ಯಲೇಬೇಕೆಂದು ನನಗೂ ಮನಸ್ಸಿದೆ. ಆದರೆ ಅಲುಗಾಡುವ ದೋಣಿಗೆ ಹತ್ತಿಳಿಯಲು ವಯಸ್ಸಾದವರಿಗೆ ಕಷ್ಟವಾಗುವುದೇ ಎಂಬುದನ್ನು, ಹಿರಿಯರನ್ನು ಕರೆದೊಯ್ದವರು ದಯವಿಟ್ಟು ತಿಳಿಸಬೇಕು. ಹಾಗೆಯೇ, ಮರಳುದಿಬ್ಬಗಳ ಮೇಲಿನ ಕುಲುಕಾಟದ ಜೀಪ್ ಸವಾರಿಯಿಲ್ಲದೆ, ಮರುಭೂಮಿಯ ಶಿಬಿರಕ್ಕಷ್ಟೇ ಕರೆದೊಯ್ಯುವ ವ್ಯವಸ್ಥೆ ಇದೆಯೇ?

ತಾಯಿಯವರ ರಕ್ತದೊತ್ತಡ ಮತ್ತು ನೋವಿನ ಮಾತ್ರೆಗಳಿಗೆ ವೈದ್ಯರ ಚೀಟಿ ಇಟ್ಟುಕೊಂಡಿದ್ದೇನೆ. ಇದಲ್ಲದೆ ಮುಂಚಿತವಾಗಿ ಅನುಮತಿಯನ್ನೂ ಪಡೆಯಬೇಕಾದ ಔಷಧಿಗಳು ಯಾವುವೆಂದು ಬಲ್ಲವರು ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.